ಮಳೆಗಾಲದ ಘಟ್ಟದಲ್ಲಿ ಚಲಿಸುವ ಮನೆ

ಹಾಸಿಗೆ, ಒಲೆ, ನೀರಿನ ಟ್ಯಾಂಕು, ಕೆಲವೊಮ್ಮೆ ಶೌಚಾಲಯವನ್ನೂ ಒಳಗೊಂಡು, ಹಗಲಿನಲ್ಲಿ ವಾಹನವಾಗಿಯೂ ರಾತ್ರಿಯಲ್ಲಿ ವಸತಿಯಾಗಿಯೂ ಬಳಕೆಯಾಗುವ ಗಾಡಿಗೆ ಕ್ಯಾರವಾನ್ ಎಂಬ ಹೆಸರು ಕನ್ನಡದ ಓದುಗರಿಗೆ ಈಗ ಪರಿಚಿತವೇ ಆಗಿದೆ. ಒಂದು ಕಾಲದಲ್ಲಿ ಸಿನಿಮಾ ತಾರೆಯರ ವಿಶ್ರಾಂತಿಯ ವಾಹನವಾಗಿ ಮಾತ್ರ ಕೇಳಿಬರುತ್ತಿದ್ದ ಈ ಸೌಕರ್ಯವನ್ನು ಕರ್ನಾಟಕದ 2020–25ರ ಪ್ರವಾಸೋದ್ಯಮ ನೀತಿ ತಾನು ಉತ್ತೇಜಿಸಬಯಸುವ ಪ್ರವಾಸದ ಬಗೆಗಳಲ್ಲಿ ಸೇರಿಸಿತು. ಕೇರಳ ಸರ್ಕಾರ 2021ರಲ್ಲಿ ಇದಕ್ಕೆಂದೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದು, ಕೈಕಂಬ, ಮೂಡಬಿದಿರೆ, ಕಾರ್ಕಳಗಳ ಮೂಲಕ ಕುದುರೆಮುಖ, ಶೃಂಗೇರಿ, ಆಗುಂಬೆಗಳನ್ನು ಸುತ್ತಿ ಹೆಬ್ರಿಗೆ ಇಳಿಯುವ ಅಥವಾ ಉಜಿರೆಯ ದಾರಿ ಹಿಡಿದು ಚಾರ್ಮಾಡಿ ಏರಿ ಕೊಟ್ಟಿಗೆಹಾರ ಸೇರುವ ಪ್ರವಾಸಕ್ಕೆ ಇಂಥ ವಾಹನ ಬಹಳ ಒಪ್ಪುವಂಥದು ಎಂದು ಯಾರಿಗಾದರೂ ತೋರುತ್ತದೆ. ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ, ಪ್ರತಿ ತಿರುವಿನಲ್ಲೂ ಒಂದು ಝರಿ ಧುಮುಕುವ ಕಾಲದಲ್ಲಿ, ಎಲ್ಲಿ ಬೇಕೆಂದರಲ್ಲಿ ನಿಂತು, ಇಷ್ಟವಾದಲ್ಲಿ ರಾತ್ರಿ ಕಳೆಯಬಹುದೆಂಬ ಸ್ವಾತಂತ್ರ್ಯವೇ ಕ್ಯಾರವಾನಿನ ಮುಖ್ಯ ಆಕರ್ಷಣೆಯೆಂದು ಪ್ರಚಾರವಾಗುತ್ತಿದೆ. ಈ ಘಟ್ಟದಲ್ಲಿ, ಈ ಋತುವಿನಲ್ಲಿ, ಆ ಪ್ರಚಾರ ಹೇಳುವುದಕ್ಕೆ ನೇರ ವಿರುದ್ಧವಾದುದೇ ಸರಿ ಎಂಬುದು ಇಲ್ಲಿಯ ವಾದ. ಮಳೆಗಾಲದ ಪಶ್ಚಿಮ ಘಟ್ಟದಲ್ಲಿ ಕ್ಯಾರವಾನಿನ ಬೆಲೆ ಇರುವುದು ಅದು ಘಟ್ಟದ ಮೇಲೆ ಎಲ್ಲಿಯಾದರೂ ನಿಲ್ಲಬಲ್ಲದು ಎಂಬುದರಲ್ಲಿ ಅಲ್ಲ. ಘಟ್ಟ ಹತ್ತದೆ, ಬುಡದಲ್ಲೇ, ಎರಡು ಮೂರು ದಿನವಾದರೂ ನೆಮ್ಮದಿಯಿಂದ ಕಾಯಬಲ್ಲದು ಎಂಬುದರಲ್ಲಿ.

ಈ ವಾದಕ್ಕೆ ಮೊದಲು ಬೇಕಾದದ್ದು ಮಳೆಯ ಲೆಕ್ಕ. ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುವ ನೈರುತ್ಯ ಮಾರುತ ಕರಾವಳಿಯ ಸಪಾಟು ಪಟ್ಟಿಯನ್ನು ದಾಟಿದ ಕೂಡಲೇ ಘಟ್ಟದ ಗೋಡೆಗೆ ತಾಗಿ ಮೇಲಕ್ಕೇರಬೇಕಾಗುತ್ತದೆ. ಏರಿದ ಗಾಳಿ ತಣಿದು ತನ್ನ ನೀರನ್ನು ಅಲ್ಲೇ ಸುರಿಸಿಬಿಡುತ್ತದೆ. ಭೂಗೋಳದ ಪಠ್ಯಗಳಲ್ಲಿ ಆರೋಹ ಮಳೆ ಎನ್ನುವುದು ಇದನ್ನೇ. ಮಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆಯೇ 3,500 ಮಿಲಿಮೀಟರನ್ನು ಮೀರುತ್ತದೆ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಆಗುಂಬೆಯಲ್ಲಿ ಅದು ಸರಾಸರಿ 7,000 ಮಿಲಿಮೀಟರನ್ನೂ ದಾಟುತ್ತದೆ. ಘಟ್ಟದ ನೆತ್ತಿ ದಾಟಿ ಪೂರ್ವಕ್ಕೆ ಇಳಿದ ಗಾಳಿಯಲ್ಲಿ ಉಳಿಯುವ ನೀರು ಎಷ್ಟು ಕಡಿಮೆಯೆಂದರೆ, ಶೃಂಗೇರಿ ಮತ್ತು ಕಡೂರು ಒಂದೇ ಚಿಕ್ಕಮಗಳೂರು ಜಿಲ್ಲೆಯವಾದರೂ ಶೃಂಗೇರಿಯವರು ಮಳೆ ನಿಂತರೆ ಸಾಕೆನ್ನುವ ದಿನಗಳಲ್ಲೇ ಕಡೂರಿನವರು ಮೋಡ ನೋಡುತ್ತ ಕೂತಿರುತ್ತಾರೆ. ಅಂದರೆ ಬಜಪೆಯಿಂದ ಹೊರಟ ಪ್ರವಾಸಿ ಒಂದು ಹಗಲಿನೊಳಗೆ ಹಾದುಹೋಗುವ ಈ ಪಟ್ಟಿ, ಅಗಲದಲ್ಲಿ ತೀರ ಕಿರಿದಾದರೂ, ದೇಶದಲ್ಲಿಯೇ ಅತಿ ಹೆಚ್ಚು ನೀರು ಹೊರುವ ನೆಲಗಳಲ್ಲಿ ಒಂದು; ಅಷ್ಟೂ ನೀರು ವರ್ಷವಿಡೀ ಹಂಚಿಹೋಗದೆ ಬಹುಮಟ್ಟಿಗೆ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ.

ಆ ನೀರು ನೆಲದೊಳಗೆ ಏನು ಮಾಡುತ್ತದೆಂಬುದು ಪ್ರವಾಸಿಗೆ ಕಾಣದ ಸಂಗತಿ. ಘಟ್ಟದ ಒಡಲು ಬಹು ಪ್ರಾಚೀನವಾದ ಗಟ್ಟಿ ಶಿಲೆಯದು. ಆದರೆ ಇಷ್ಟು ಮಳೆ ಮತ್ತು ಬಿಸಿಲಿನಲ್ಲಿ ಯುಗಗಳಿಂದ ಕಳಿತು, ಆ ಶಿಲೆಯ ಮೇಲೆ ಹಲವು ಮೀಟರ್ ದಪ್ಪದ ಸಡಿಲ ಮಣ್ಣು, ಮುರಕಲ್ಲು, ಜೇಡಿಯ ಪದರಗಳು ಕೂತಿವೆ. ಮಳೆಯ ಮೊದಲ ವಾರಗಳಲ್ಲಿ ಈ ಪದರ ನೀರು ಕುಡಿಯುತ್ತ ಹೋಗುತ್ತದೆ. ಕುಡಿಯುವಷ್ಟು ಕುಡಿದ ಮೇಲೆ ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲೆಲ್ಲ ನೀರು ತುಂಬಿ, ಕಣಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿದ್ದ ಬಿಗಿಯನ್ನು ಒಳಗಿನಿಂದಲೇ ಸಡಿಲಿಸುತ್ತದೆ. ಭೂವಿಜ್ಞಾನಿಗಳು ರಂಧ್ರ ಒತ್ತಡ ಎಂದು ಕರೆಯುವುದು ಈ ಒಳನೀರಿನ ಒತ್ತಡವನ್ನು. ಇಳಿಜಾರಿನ ಬುಡವನ್ನು ರಸ್ತೆಗಾಗಿ ಕಡಿದಿದ್ದರೆ, ಮೇಲಿನ ಭಾರಕ್ಕೆ ಆಧಾರವಾಗಿದ್ದ ಪಾದವೇ ಇಲ್ಲವಾಗಿರುತ್ತದೆ. ಆದ್ದರಿಂದ ಗುಡ್ಡ ಕುಸಿಯುವುದಕ್ಕೆ ಅಂದಿನ ಮಳೆಯೊಂದೇ ಕಾರಣವಾಗುವುದಿಲ್ಲ, ಹಿಂದಿನ ಹತ್ತು ಹದಿನೈದು ದಿನಗಳಲ್ಲಿ ಬಿದ್ದ ಮಳೆಯ ಒಟ್ಟು ಮೊತ್ತವೂ ಅಷ್ಟೇ ಮುಖ್ಯವಾಗುತ್ತದೆ. ಬಹಳ ಮಂದಿ ಪ್ರವಾಸಿಗರು ತಪ್ಪುವುದು ಇಲ್ಲೇ: ಬೆಳಿಗ್ಗೆ ಮಳೆ ಹೊಳವಾಗಿದೆ, ಬಿಸಿಲು ಇಣುಕಿದೆ ಎಂದು ಹೊರಡುವವರು ನೋಡುತ್ತಿರುವುದು ಆಕಾಶವನ್ನು, ಆದರೆ ಅಪಾಯ ಇರುವುದು ಆಗಲೇ ತುಂಬಿಕೊಂಡಿರುವ ನೆಲದಲ್ಲಿ. ನೆಲವೂ ಸೂಚನೆ ಕೊಡದೆ ಇರುವುದಿಲ್ಲ. ತಿಳಿಯಾಗಿ ಹರಿಯುತ್ತಿದ್ದ ರಸ್ತೆ ಬದಿಯ ತೊರೆ ಇದ್ದಕ್ಕಿದ್ದಂತೆ ಕೆಂಪಗೆ ಕದಡುವುದು, ಡಾಮರಿನ ಅಂಚಿನಲ್ಲಿ ಕಣಿವೆಯ ಕಡೆಗೆ ಉದ್ದನೆಯ ಬಿರುಕು ಕಾಣುವುದು, ನೆಟ್ಟಗಿದ್ದ ಮರ ವಾಲುವುದು, ಮೊದಲಿಲ್ಲದ ಕಡೆ ಮಣ್ಣಿನ ಗೋಡೆಯಿಂದ ನೀರು ಒಸರುವುದು ಇವೆಲ್ಲ ಘಟ್ಟದ ತಪ್ಪಲಿನ ರೈತರಿಗೆ ಗೊತ್ತಿರುವ ಲಕ್ಷಣಗಳು. ಊರಿಗೆ ಹೊಸಬನಾದ ಚಾಲಕನಿಗೆ ಅವು ದೃಶ್ಯದ ಒಂದು ಭಾಗವಾಗಿಯಷ್ಟೇ ಕಾಣುತ್ತವೆ.

ಕಳೆದ ಕೆಲವು ವರ್ಷಗಳಲ್ಲಿ ಕರಾವಳಿಯನ್ನು ಬಯಲುಸೀಮೆಗೆ ಜೋಡಿಸುವ ದಾರಿಗಳು ಒಂದಾದ ಮೇಲೊಂದರಂತೆ ಮುಚ್ಚಿದ್ದನ್ನು ಇಲ್ಲಿಯ ಜನ ಕಂಡಿದ್ದಾರೆ. 2018ರ ಆಗಸ್ಟ್‌ನಲ್ಲಿ ಸಂಪಾಜೆ–ಮಡಿಕೇರಿ ದಾರಿ ಜೋಡುಪಾಲದ ಸುತ್ತಿನ ಭೂಕುಸಿತಗಳಿಂದ ಕಡಿದುಹೋಯಿತು. ಅದೇ ತಿಂಗಳು ಶಿರಾಡಿ ಘಟ್ಟವೂ ಮುಚ್ಚಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯ ಅನೇಕ ತಿರುವುಗಳಲ್ಲಿ ಗುಡ್ಡ ಜರಿದು, ಕೆಲವು ಕಾಲ ದಾರಿ ಸಂಪೂರ್ಣ ಬಂದಾಗಿ, ಆಮೇಲೆ ಸಣ್ಣ ವಾಹನಗಳಿಗಷ್ಟೇ ತೆರೆಯಿತು. ಶಿರಾಡಿಯಲ್ಲಿ 2022ರ ಜುಲೈನಲ್ಲಿ ದೋಣಿಗಲ್ ಬಳಿ ರಸ್ತೆಯೇ ಕುಸಿಯಿತು, 2024ರ ಜುಲೈನಲ್ಲಿ ದೊಡ್ಡತಪ್ಲು ಬಳಿ ಗುಡ್ಡ ಬಿತ್ತು. ಇವೆಲ್ಲಕ್ಕಿಂತ ಇಲ್ಲಿಯ ವಿಷಯಕ್ಕೆ ಹತ್ತಿರವಾದದ್ದು ಘಟ್ಟದ ರಸ್ತೆಯ ಘಟನೆಯೇ ಅಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥಕ್ಕಾಗಿ ಕಡಿದಿದ್ದ ಗುಡ್ಡ ಕುಸಿದು ಗಂಗಾವಳಿ ನದಿಗೆ ನುಗ್ಗಿದಾಗ, ಅದರ ದಾರಿಯಲ್ಲಿದ್ದದ್ದು ಹೆದ್ದಾರಿ ಬದಿಯ ಒಂದು ಚಹಾ ಅಂಗಡಿ ಮತ್ತು ಅಲ್ಲಿ ನಿಂತಿದ್ದ ವಾಹನಗಳು. ಕೊಚ್ಚಿಹೋದ ಒಂದು ಲಾರಿಯನ್ನು ನದಿಯ ತಳದಿಂದ ಮೇಲೆತ್ತಲು ಸಾಧ್ಯವಾದದ್ದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಓಡುತ್ತಿರುವ ವಾಹನ ಅಪಾಯದ ಜಾಗದಲ್ಲಿ ಕಳೆಯುವುದು ಕೆಲವು ಕ್ಷಣಗಳನ್ನು. ನಿಂತ ವಾಹನ ಕಳೆಯುವುದು ಗಂಟೆಗಳನ್ನು. ರಾತ್ರಿ ಮಲಗಲೆಂದು ನಿಂತ ವಾಹನವಾದರೆ ಕತ್ತಲಿನ ಎಂಟು ಹತ್ತು ತಾಸುಗಳನ್ನು, ಅದೂ ಒಳಗಿರುವವರು ನಿದ್ದೆಯಲ್ಲಿರುವಾಗ. ಕಡಿದ ಗುಡ್ಡದ ಬುಡದಲ್ಲಿ ಎಷ್ಟು ಹೊತ್ತು ಇರುತ್ತೇವೆ ಎಂಬುದೇ ಅಪಾಯದ ಅಳತೆಯಾಗಿರುವಾಗ, ಎಲ್ಲಿ ಬೇಕಾದರೂ ತಂಗಬಹುದೆಂಬ ಭರವಸೆ ಕ್ಯಾರವಾನಿನ ಗುಣವಾಗಿ ಉಳಿಯುವುದಿಲ್ಲ, ಅದೇ ಅದರ ದೊಡ್ಡ ದೋಷವಾಗುತ್ತದೆ.

ಹಾಗಿದ್ದೂ ಆ ಭರವಸೆ ಇಷ್ಟು ಸಹಜವಾಗಿ ತೋರುವುದೇಕೆ ಎಂದು ಕೇಳಿಕೊಂಡರೆ, ಅದರ ಮೂಲ ಯುರೋಪಿನ ಆಲ್ಪ್ಸ್ ಪರ್ವತಗಳ ಚಿತ್ರಗಳಲ್ಲಿದೆ. ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಕೂಡಿಸಬಹುದಾದ ಹಾಸಿಗೆ-ಕಪಾಟುಗಳ ಪೆಟ್ಟಿಗೆಯನ್ನು 1951ರಲ್ಲಿ ಮಾರುಕಟ್ಟೆಗೆ ತಂದಿತು. ಯುದ್ಧಾನಂತರದ ಯುರೋಪಿನ ಮಧ್ಯಮ ವರ್ಗ ಇಂಥ ವ್ಯಾನುಗಳಲ್ಲಿ ಪರ್ವತದ ದಾರಿಗಳನ್ನು ಸುತ್ತಿದ ದೃಶ್ಯ, ಹಸಿರು ಇಳಿಜಾರು, ಮಂಜು, ಒದ್ದೆ ರಸ್ತೆ, ತೆರೆದ ಬಾಗಿಲಲ್ಲಿ ಕೂತು ಕಾಫಿ ಕುಡಿಯುವ ಜೋಡಿ, ಇವೆಲ್ಲ ಇಂದು ಫೋನಿನ ಪರದೆಯ ಮೂಲಕ ಮಂಗಳೂರಿನವರೆಗೂ ತಲುಪಿವೆ. ತಲುಪದೆ ಉಳಿದದ್ದು ಆ ದೃಶ್ಯದ ಹಿಂದಿನ ಕಟ್ಟುಪಾಡು. 1825ರಲ್ಲಿ ಪೂರ್ಣಗೊಂಡ, ಒಂದೇ ಬದಿಯಲ್ಲಿ 48 ತೀವ್ರ ತಿರುವುಗಳಿರುವ ಇಟಲಿಯ ಸ್ಟೆಲ್ವಿಯೊ ದಾರಿ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಅದನ್ನು ಯಾರೂ ಪ್ರವಾಸೋದ್ಯಮಕ್ಕೆ ಆದ ನಷ್ಟವೆಂದು ದೂರುವುದಿಲ್ಲ. ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ದಾರಿಯನ್ನು 1935ರಲ್ಲಿ ತೆರೆದದ್ದೇ ಪ್ರವಾಸಿಗರಿಗಾಗಿ. ಆದರೂ ಅಲ್ಲಿ ಸುಂಕವಿದೆ, ರಾತ್ರಿ ಸಂಚಾರಕ್ಕೆ ತಡೆಯಿದೆ, ಚಳಿಗಾಲದಲ್ಲಿ ಅದೂ ಮುಚ್ಚುತ್ತದೆ. ಸ್ವಿಟ್ಜರ್‌ಲೆಂಡಿನ ಅಂಚೆ ಬಸ್ಸುಗಳು ಓಡಾಡುವ ಪರ್ವತ ರಸ್ತೆಗಳಿಗೆ ಪ್ರತ್ಯೇಕ ಫಲಕವಿದ್ದು, ಅಂಥ ಕಡೆ ಎದುರಾದ ವಾಹನದವರು ಬಸ್ಸಿನ ಚಾಲಕ ಹೇಳಿದಂತೆ ಹಿಂದೆ ಸರಿಯಬೇಕು, ಬದಿಗೆ ನಿಲ್ಲಬೇಕು. ಅಂದರೆ ಆಲ್ಪ್ಸ್‌ನ ಪ್ರವಾಸಿಗೆ ದೊರೆತ ಸ್ವಾತಂತ್ರ್ಯ ಕಟ್ಟುನಿಟ್ಟಾದ ನಿಯಮಗಳ ಮೇಲೆ ನಿಂತದ್ದು. ಅಲ್ಲಿಯ ಅಪಾಯದ ಕಾಲ ಹಿಮದ ತಿಂಗಳುಗಳು, ಅಂದು ದಾರಿ ಮುಚ್ಚುತ್ತದೆ. ಇಲ್ಲಿಯ ಅಪಾಯದ ಕಾಲ ಮಳೆಯ ತಿಂಗಳುಗಳು, ಇಲ್ಲಿ ಅವೇ ಪ್ರವಾಸದ ಹಂಗಾಮಾಗಿ ಮಾರಾಟವಾಗುತ್ತಿವೆ.

ಈ ನೆಲಕ್ಕೆ ನಿಯಮಗಳೇ ಇರಲಿಲ್ಲವೆಂದಲ್ಲ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ, ಮೇ ಕೊನೆಯ ವಾರದ ಸುಮಾರಿಗೆ ಬರುವ ಪತ್ತನಾಜೆಯೊಂದಿಗೆ ಕೋಲ, ನೇಮ, ಜಾತ್ರೆಗಳು ಮುಗಿಯುತ್ತವೆ. ಆರು ತಿಂಗಳು ಊರೂರು ತಿರುಗಿದ ಯಕ್ಷಗಾನ ಮೇಳಗಳು, ಬಜಪೆಗೆ ಕೂಗಳತೆಯಲ್ಲಿರುವ ಕಟೀಲಿನ ಮೇಳಗಳೂ ಸೇರಿ, ಅಂದು ಗೆಜ್ಜೆ ಬಿಚ್ಚುತ್ತವೆ. ಜೈನ ಮುನಿಗಳು, ಮಠಗಳ ಯತಿಗಳು ಚಾತುರ್ಮಾಸ್ಯದ ವ್ರತ ಹಿಡಿದು ಒಂದೇ ಊರಿನಲ್ಲಿ ನಿಲ್ಲುತ್ತಾರೆ. ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗಿಳಿಯುವಂತಿಲ್ಲವೆಂಬುದು ಇಂದಿನ ಸರ್ಕಾರಿ ಆದೇಶ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ಶುಭಕಾರ್ಯಗಳಿಲ್ಲ; ಹೊಸ ಮದುಮಗಳು ತವರಿಗೆ ಬಂದು ಕೂರುತ್ತಾಳೆ, ಅಮಾವಾಸ್ಯೆಯ ದಿನ ಹಾಲೆ ಮರದ ತೊಗಟೆಯ ಕಷಾಯ ಕುಡಿದು, ಪತ್ರೊಡೆ, ತಜಂಕು, ಹಲಸಿನ ಬೀಜಗಳಲ್ಲಿ ಮನೆಯವರು ದಿನ ಕಳೆಯುತ್ತಾರೆ. ಇವುಗಳಲ್ಲಿ ಕೆಲವು ಆಚಾರ, ಕೆಲವು ಬಡತನದ ಅನಿವಾರ್ಯತೆ, ಒಂದು ಆಧುನಿಕ ಕಾನೂನು. ಎಲ್ಲವನ್ನೂ ಒಂದೇ ವಿವೇಕದ ಮುಖಗಳೆಂದು ಹೊಗಳುವುದು ಸುಲಭವಾದರೂ ಸರಿಯಲ್ಲ. ಆಟಿಯ ಹಸಿವನ್ನು ಉಂಡವರು ಆ ಕಾಲ ಮರಳಿ ಬರಲೆಂದು ಬಯಸುವುದಿಲ್ಲ, ಬಯಸಬೇಕಾದ್ದೂ ಇಲ್ಲ. ಆದರೆ ಮಳೆಯನ್ನು ಅತಿ ಹತ್ತಿರದಿಂದ ಬಲ್ಲ ಸಮಾಜವೊಂದು ತನ್ನ ಕಲೆ, ಧರ್ಮ, ದುಡಿಮೆ ಎಲ್ಲದರಲ್ಲೂ ನಿಲ್ಲುವ ಕಾಲವೊಂದನ್ನು ಗೊತ್ತುಮಾಡಿಕೊಂಡಿತ್ತು, ಮತ್ತು ನಿಂತ ಕಾಲವನ್ನು ಊಟ, ಮಾತು, ನೆಂಟಸ್ತಿಕೆಗಳಿಂದ ತುಂಬಿಕೊಂಡಿತ್ತು ಎಂಬುದು ಪ್ರವಾಸದ ನೀತಿ ರೂಪಿಸುವವರು ಗಮನಿಸಬೇಕಾದ ಸಂಗತಿ.

ಪರಂಪರೆಯ ಮಾತು ಬೇಡವೆನ್ನುವವರಿಗೆ ಬಜಪೆಯಲ್ಲೇ ಇನ್ನೂ ಬಲವಾದ ಉದಾಹರಣೆಯಿದೆ. ಇಲ್ಲಿಯ ವಿಮಾನ ನಿಲ್ದಾಣ ಗುಡ್ಡದ ನೆತ್ತಿಯನ್ನು ಸಮಗೊಳಿಸಿ ಕಟ್ಟಿದ್ದು. ಓಡುಹಾದಿಯ ತುದಿಗಳಾಚೆ ಕಣಿವೆಯಿರುವ ಇಂಥದಕ್ಕೆ ಟೇಬಲ್‌ಟಾಪ್ ರನ್‌ವೇ ಎನ್ನುತ್ತಾರೆ. ಉಪಕರಣಗಳ ಸೂಚನೆಯಿಂದ ಇಳಿದುಬರುವ ಪೈಲಟ್‌ಗೆ ನಿರ್ಧಾರದ ಎತ್ತರವೆಂಬುದೊಂದು ಮೊದಲೇ ಗೊತ್ತುಪಡಿಸಿದ ಮಟ್ಟವಿರುತ್ತದೆ. ಆ ಮಟ್ಟಕ್ಕೆ ಬಂದಾಗ ರನ್‌ವೇ ಅಥವಾ ಅದರ ದೀಪಗಳು ಕಣ್ಣಿಗೆ ಕಂಡರೆ ಮಾತ್ರ ಇಳಿಯಬೇಕು. ಕಾಣದಿದ್ದರೆ, ಇನ್ನೊಂದು ಕ್ಷಣದಲ್ಲಿ ಕಾಣಬಹುದೆಂಬ ಆಸೆಯನ್ನು ಬಿಟ್ಟು, ವಿಮಾನವನ್ನು ಮತ್ತೆ ಮೇಲಕ್ಕೇರಿಸಬೇಕು. ಮಳೆಗಾಲದಲ್ಲಿ ಬಜಪೆಗೆ ಬಂದ ವಿಮಾನಗಳು ಆಕಾಶದಲ್ಲಿ ಸುತ್ತು ಹಾಕಿ, ಮೋಡ ಸರಿಯದೆ ಹೋದರೆ ಬೆಂಗಳೂರಿಗೋ ಕೇರಳದ ನಿಲ್ದಾಣಗಳಿಗೋ ತಿರುಗುವುದು ಸುದ್ದಿಯೇ ಅಲ್ಲವೆನ್ನುವಷ್ಟು ಸಾಮಾನ್ಯ. ಪ್ರಯಾಣಿಕರು ಗೊಣಗಿಯಾದರೂ ಒಪ್ಪುತ್ತಾರೆ. ಈ ಶಿಸ್ತು ತಪ್ಪಿದಾಗ ಏನಾಗುತ್ತದೆಂಬುದನ್ನೂ ಇದೇ ಊರು ಕಂಡಿದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ತೀರಿಕೊಂಡರು. ಅಂದು ಮಳೆ ಕಾರಣವಾಗಿರಲಿಲ್ಲ. ಸರಿಯಾದ ಎತ್ತರ, ವೇಗಗಳಿಗೆ ಬಾರದ ಇಳಿಕೆಯನ್ನು ಕೈಬಿಟ್ಟು ಮತ್ತೆ ಮೇಲೇರಬೇಕಿತ್ತು, ಹಾಗೆ ಮಾಡದಿದ್ದದ್ದೇ ನೇರ ಕಾರಣವೆಂದು ತನಿಖೆಯ ವರದಿ ಹೇಳಿತು. ಹಿಂದೆ ಸರಿಯುವ ನಿರ್ಧಾರವನ್ನು ಆ ಕ್ಷಣದ ಮನಸ್ಥಿತಿಗೆ ಬಿಡಬಾರದು, ಅದರ ಮಿತಿಯನ್ನು ಮೊದಲೇ ಗೊತ್ತುಮಾಡಿರಬೇಕು, ಆ ಮಿತಿ ಬಂದಾಗ ಚರ್ಚೆಗೆ ಎಡೆಯಿರಬಾರದು ಎಂಬ ಪಾಠವನ್ನು ವಿಮಾನಯಾನ ಅಪಾರ ಬೆಲೆ ತೆತ್ತು ಕಲಿತಿದೆ. ಅದೇ ನಿಲ್ದಾಣದ ಹೊರಬಾಗಿಲಿನಿಂದ ಬಾಡಿಗೆ ವಾಹನದಲ್ಲಿ ಹೊರಡುವವನಿಗೆ ಅಂಥ ಒಂದು ಮಿತಿಯನ್ನೂ ಯಾರೂ ಹೇಳಿಕೊಡುವುದಿಲ್ಲ.

ಇದಕ್ಕೆ ಎದುರಾಗಿ ಬರಬಹುದಾದ ಪ್ರಶ್ನೆ ನ್ಯಾಯವಾದದ್ದೇ. ಚಾರ್ಮಾಡಿಯಲ್ಲೂ ಆಗುಂಬೆಯಲ್ಲೂ ದಿನವೂ ಬಸ್ಸುಗಳು ಓಡುತ್ತವೆ, ಅಡಿಕೆ, ಕಾಫಿ, ತರಕಾರಿ, ಮೀನು ಹೊತ್ತ ಪಿಕಪ್‌ಗಳು ಓಡುತ್ತವೆ, ಮೂಡಿಗೆರೆ, ಕೊಪ್ಪದ ಜನ ಮಳೆಯಲ್ಲೇ ಕರಾವಳಿಗೆ ಬಂದು ಹೋಗುತ್ತಾರೆ. ಅವರಿಗಿಲ್ಲದ ಕಟ್ಟುಪಾಡು ಪ್ರವಾಸಿಗೇಕೆ? ಉತ್ತರದ ಒಂದು ಭಾಗ ವಾಹನದ ರಚನೆಯಲ್ಲಿದೆ. ಕ್ಯಾರವಾನ್ ಎತ್ತರದ ವಾಹನ. ಮಂಚ, ಕಪಾಟು, ಬ್ಯಾಟರಿ, ಗ್ಯಾಸ್ ಸಿಲಿಂಡರ್ ಎಲ್ಲವನ್ನೂ ಸದಾ ಹೊತ್ತೇ ಓಡುವಂಥದು. ತುಂಬಿರದ ಟ್ಯಾಂಕಿನ ನೀರು ತಿರುವಿನಲ್ಲಿ ಒಂದು ಬದಿಗೆ ಹೊಯ್ದು ವಾಹನವನ್ನು ಅತ್ತ ಎಳೆಯುತ್ತದೆ. ಆಗುಂಬೆಯ 14 ತಿರುವುಗಳಲ್ಲಿ ಇಳಿಯುವಾಗ, ಏರುವಾಗ ಬಳಸುವ ಗೇರಿನಲ್ಲೇ ಇಳಿದು ಎಂಜಿನ್ನಿನಿಂದಲೇ ವೇಗ ತಡೆಯಬೇಕೆಂಬುದನ್ನು ಅರಿಯದೆ ಬ್ರೇಕನ್ನೇ ಒತ್ತುತ್ತ ಹೋದರೆ, ಬ್ರೇಕು ಕಾದು ಹಿಡಿತ ಸಡಿಲಿಸಿಬಿಡುತ್ತದೆ. ಮಳೆಗಾಲದಲ್ಲಿ ಜಿಲ್ಲಾಡಳಿತಗಳು ಆಗುಂಬೆಯಲ್ಲಿ ಭಾರಿ ವಾಹನಗಳನ್ನು ಆಗಾಗ ತಡೆಯುವುದಕ್ಕೆ ಕಾರಣವೂ ಆ ತಿರುವುಗಳ ಇಕ್ಕಟ್ಟು ಮತ್ತು ಅಂಚಿನ ದುರ್ಬಲ ನೆಲ. ದಿನವೂ ಅದೇ ದಾರಿಯಲ್ಲಿ ಬಸ್ಸು ನಡೆಸುವ ಚಾಲಕನಿಗೆ ಯಾವ ತಿರುವಿನಲ್ಲಿ ಇಡೀ ರಸ್ತೆ ಬೇಕಾಗುತ್ತದೆ, ಎದುರಿನಿಂದ ಲಾರಿಯ ದೀಪ ಕಂಡರೆ ಎಷ್ಟು ಮೊದಲೇ ತಡೆದು ನಿಲ್ಲಬೇಕು ಎಂಬುದು ಕೈಯಲ್ಲೇ ಇರುತ್ತದೆ. ಏರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕೆಂಬ ನಿಯಮವನ್ನು ಅವನು ಯೋಚಿಸದೆ ಪಾಲಿಸುತ್ತಾನೆ.

ಉತ್ತರದ ಇನ್ನೊಂದು ಭಾಗ ಹೆಚ್ಚು ಗಂಭೀರವಾದದ್ದು. ಊರಿನವರು ಘಟ್ಟವನ್ನು ದಾಟುತ್ತಾರೆ. ಪ್ರವಾಸಿಗರು ಅಲ್ಲಿ ನಿಲ್ಲುತ್ತಾರೆ. ಚಾರ್ಮಾಡಿಯ ಝರಿಗಳ ಬಳಿ ರಜಾದಿನಗಳಲ್ಲಿ ರಸ್ತೆಯ ಎರಡೂ ಬದಿಗೆ ಕಾರುಗಳು ಸಾಲುಗಟ್ಟಿ, ಪಾಚಿಗಟ್ಟಿದ ಬಂಡೆ ಹತ್ತಿದವರನ್ನು ಇಳಿಸಲು ಪೊಲೀಸರು ಕೂಗಿ ಸಾಕಾಗುವ ದೃಶ್ಯ ಪ್ರತಿ ಮಳೆಗಾಲದ್ದು. ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರಗಳ ಕಡೆಯಿಂದ ಹೃದಯಾಘಾತವಾದವರನ್ನು, ಹೆರಿಗೆ ಕಷ್ಟವಾದವರನ್ನು, ಅಪಘಾತದ ಗಾಯಾಳುಗಳನ್ನು ಹೊತ್ತ ಆಂಬುಲೆನ್ಸ್‌ಗಳು ಮಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಇಳಿಯುವುದು ಇದೇ ದಾರಿಯಲ್ಲಿ. ಅಲ್ಲೊಂದು ಎತ್ತರದ, ಉದ್ದದ ವಾಹನ ತಿರುವಿನಂಚಿನಲ್ಲಿ ನಿಂತು, ಒಳಗೆ ಚಹಾ ಕಾಯುತ್ತಿರುವಾಗ ಹಿಂದೆ ಸೈರನ್ ಕೂಗಿದರೆ, ಒಲೆ ಆರಿಸಿ, ಪಾತ್ರೆ ಎತ್ತಿಟ್ಟು, ಬಾಗಿಲು ಭದ್ರಪಡಿಸಿ ವಾಹನ ಹೊರಡಿಸುವಷ್ಟರಲ್ಲಿ ಕಳೆದುಹೋಗುವ ನಿಮಿಷಗಳು ಯಾರವು ಎಂಬ ಪ್ರಶ್ನೆಗೆ ಪ್ರವಾಸೋದ್ಯಮದ ಯಾವ ಲಾಭವೂ ಉತ್ತರವಾಗಲಾರದು.

ಹಾಗೆಂದು ಮಳೆಗಾಲದ ಪ್ರವಾಸವನ್ನೇ ನಿಷೇಧಿಸಬೇಕೆಂಬ ತೀರ್ಮಾನಕ್ಕೆ ಬರುವುದು ಅವಸರವಾದೀತು. ಕುದುರೆಮುಖದ ಹುಲ್ಲುಗಾವಲೂ ಅದರ ಮಡಿಕೆಗಳಲ್ಲಿ ಅಡಗಿರುವ ಶೋಲಾ ಕಾಡೂ ತಮ್ಮ ಕೆಲಸವನ್ನು ಮಾಡುವುದು ಮಳೆಯಲ್ಲಿಯೇ: ಸುರಿದ ನೀರನ್ನು ಒಮ್ಮೆಗೇ ಹರಿಯಗೊಡದೆ ಬೇರಿನಲ್ಲಿ, ಎಲೆಗೊಬ್ಬರದಲ್ಲಿ, ಪಾಚಿಯಲ್ಲಿ ಹಿಡಿದಿಟ್ಟು, ಬೇಸಿಗೆಯವರೆಗೂ ತುಂಗೆ, ಭದ್ರೆ, ನೇತ್ರಾವತಿಗಳಿಗೆ ಇಷ್ಟಿಷ್ಟಾಗಿ ಬಿಟ್ಟುಕೊಡುವುದು ಆ ಕೆಲಸ. ಅದನ್ನು ಜನವರಿಯ ಬಿಸಿಲಿನಲ್ಲಿ ಹೋದವನು ಕಾಣಲಾರ. ಜುಲೈಯಲ್ಲಿ ಹೋದವನಿಗೆ ಮೋಡ ಹುಲ್ಲಿನ ಮೇಲೆ ಉಜ್ಜಿಕೊಂಡು ಹೋಗುವುದು, ಮರದ ಕಾಂಡದುದ್ದಕ್ಕೂ ನೀರು ಜಿನುಗಿ ಇಳಿಯುವುದು, ಸಂಜೆಯಾಗುತ್ತಲೇ ಕಪ್ಪೆಗಳ ನೂರು ಸ್ವರಗಳು ಒಮ್ಮೆಗೇ ಏಳುವುದು, ನಿಂತಲ್ಲಿ ಇಂಬಳ ಕಾಲಿಗೆ ಹತ್ತುವುದು ಎಲ್ಲವೂ ಸಿಗುತ್ತವೆ. ಈ ಬೆಟ್ಟಗಳಲ್ಲಿ ದಶಕಗಳ ಕಾಲ ನಡೆದ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ನಿಂತದ್ದು, 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು, ಈ ಮಳೆಕಾಡಿನ ಬೆಲೆ ತಿಳಿದ ಜನರಿದ್ದುದರಿಂದ. ಮಳೆಯನ್ನು ಅದರ ಮನೆಯಲ್ಲೇ ಕಂಡವರು ಹೆಚ್ಚಿದಷ್ಟೂ ಆ ತಿಳಿವಳಿಕೆ ಹೆಚ್ಚುವ ಸಾಧ್ಯತೆಯಿದೆ. ಬಾಗಿಲು ಮುಚ್ಚಿದರೆ ಅದೂ ಮುಚ್ಚುತ್ತದೆ. ಇದರ ಜೊತೆಗೆ ಘಟ್ಟದ ಎರಡೂ ತುದಿಯ ಊರುಗಳ ಬದುಕಿನ ಪ್ರಶ್ನೆಯೂ ಇದೆ. ಕೊಟ್ಟಿಗೆಹಾರದ ಹೋಟೆಲುಗಳ ನೀರುದೋಸೆಗೆ ದೂರದೂರದವರು ಕಾಯುವಂತಾದದ್ದು ಘಟ್ಟ ಹತ್ತಿ ಬಂದು ದಣಿದವರಿಂದಲೇ.

ಆದ್ದರಿಂದ ಬೇಕಾದದ್ದು ಕ್ಯಾರವಾನನ್ನು ತಡೆಯುವ ಆದೇಶವಲ್ಲ, ಅದಕ್ಕೆ ಸರಿಯಾದ ನಿಲ್ದಾಣ. ಘಟ್ಟದ ಬುಡದಲ್ಲಿ ಉಜಿರೆ, ಹೆಬ್ರಿ, ಬಜಗೋಳಿಗಳ ಸುತ್ತಲೂ, ಮೇಲೆ ಕೊಟ್ಟಿಗೆಹಾರ, ಶೃಂಗೇರಿ, ಆಗುಂಬೆಗಳ ಸುತ್ತಲೂ, ಕಡಿದ ಗುಡ್ಡದಿಂದಲೂ ತೊರೆಯ ಪಾತ್ರದಿಂದಲೂ ದೂರವಾದ, ಭೂವಿಜ್ಞಾನಿಗಳು ನೋಡಿ ಒಪ್ಪಿದ ಸಮತಟ್ಟು ಜಾಗಗಳಲ್ಲಿ ಹತ್ತು ಹನ್ನೆರಡು ವಾಹನ ನಿಲ್ಲುವಷ್ಟು ಅಂಗಳ, ನೀರು, ವಿದ್ಯುತ್ತು, ಒದ್ದೆ ಬಟ್ಟೆ ಒಣಗಿಸಲು ಒಂದು ಮಾಡು ಇದ್ದರೆ ಸಾಕು. ಒಣಗಿಸುವ ಮಾಡನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ. ಕಿಟಕಿ ಮುಚ್ಚಿದ ವ್ಯಾನಿನೊಳಗೆ ನಾಲ್ಕು ಜನರ ಉಸಿರು, ಒಲೆಯ ಆವಿ, ನೆನೆದ ಬಟ್ಟೆಯ ತೇವ ಸೇರಿ ಬೆಳಗಾಗುವಷ್ಟರಲ್ಲಿ ಗಾಜಿನಿಂದ ಹಾಸಿಗೆಗೆ ನೀರು ತೊಟ್ಟಿಕ್ಕುತ್ತದೆ. ಚಳಿಗೆಂದು ಎಲ್ಲ ಸಂದುಗಳನ್ನೂ ಮುಚ್ಚಿ ಗ್ಯಾಸ್ ಒಲೆ ಉರಿಸಿದರೆ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗಿ, ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಸೇರಿಕೊಳ್ಳುತ್ತದೆ. ಮಳೆನಾಡಿನಲ್ಲಿ ಚಲಿಸುವ ಮನೆಗೂ ಪಕ್ಕದಲ್ಲಿ ಒಂದು ನಿಂತ ಮನೆಯ ಆಸರೆ ಬೇಕು, ಅದನ್ನು ಕೊಡಬಲ್ಲವರು ಆಯಾ ಊರಿನ ಕೃಷಿಕರು, ಹೋಮ್‌ಸ್ಟೇ ನಡೆಸುವವರು, ಗ್ರಾಮ ಪಂಚಾಯಿತಿಗಳು. ದೊಡ್ಡ ಗುತ್ತಿಗೆದಾರರು ಕಾಡಿನಂಚಿನ ಗುಡ್ಡವನ್ನು ಹೊಸದಾಗಿ ಕಡಿದು ಪಾರ್ಕು ಕಟ್ಟುವುದಾದರೆ, ಅದು ರೋಗವನ್ನೇ ಔಷಧವೆಂದು ಕೊಟ್ಟಂತೆ.

ನಿಲ್ದಾಣ ಬೇಕೆನ್ನುವುದಕ್ಕೆ ಇನ್ನೊಂದು ಕಾರಣ ಕೊಳಕು ನೀರು. ಕ್ಯಾರವಾನಿನಲ್ಲಿ ಪಾತ್ರೆ ತೊಳೆದ, ಸ್ನಾನದ ನೀರು ಒಂದು ಟ್ಯಾಂಕಿನಲ್ಲೂ ಶೌಚದ ನೀರು ಇನ್ನೊಂದರಲ್ಲೂ ತುಂಬುತ್ತವೆ. ತುಂಬಿದ ಮೇಲೆ ಎಲ್ಲಾದರೂ ಖಾಲಿ ಮಾಡಲೇಬೇಕು. ಸೂಕ್ತ ಜಾಗವಿಲ್ಲದಿದ್ದರೆ ರಾತ್ರಿಯ ಕತ್ತಲಿನಲ್ಲಿ ಅದು ಹೋಗುವುದು ಮೋರಿಗೆ, ಮೋರಿಯಿಂದ ತೊರೆಗೆ. ಚಾರ್ಮಾಡಿಯ ತೊರೆಗಳು ಮೃತ್ಯುಂಜಯ ಹೊಳೆಗೆ ಸೇರುತ್ತವೆ, ಮೃತ್ಯುಂಜಯ ಧರ್ಮಸ್ಥಳದ ಹತ್ತಿರ ಪಜಿರಡ್ಕದಲ್ಲಿ ನೇತ್ರಾವತಿಯನ್ನು ಕೂಡುತ್ತದೆ, ನೇತ್ರಾವತಿಯ ನೀರನ್ನು ತುಂಬೆಯ ಅಣೆಕಟ್ಟಿನಿಂದ ಎತ್ತಿ ಮಂಗಳೂರಿನ ಮನೆಗಳ ನಲ್ಲಿಗಳಿಗೆ ಕೊಡಲಾಗುತ್ತದೆ. ಪ್ರವಾಸಿಗರಲ್ಲಿ ಬಹುಮಂದಿ ಅದೇ ನಲ್ಲಿಯ ನೀರು ಕುಡಿಯುವವರು.

ಕಾಯುವ ದಿನಗಳು ವ್ಯರ್ಥವಾಗುತ್ತವೆಂಬ ಭಯಕ್ಕೆ ಈ ದಾರಿಯ ಊರುಗಳಲ್ಲೇ ಸಮಾಧಾನವಿದೆ. ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಇಳಿಜಾರು ಮಾಡುಗಳು ಬಯಲುಸೀಮೆಯ ದೇವಾಲಯಗಳ ಚಾವಣಿಯಂತಿಲ್ಲದೆ ಮಳೆಗಾಗಿಯೇ ಹೇಗೆ ರೂಪುಗೊಂಡವೆಂಬುದು ಮಳೆ ಸುರಿಯುವ ಹೊತ್ತಿನಲ್ಲಿ ಅದರ ಜಗಲಿಯಲ್ಲಿ ಕೂತವರಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ. ಕಾರ್ಕಳದಲ್ಲಿ 1432ರ ಗೊಮ್ಮಟನೂ 1586ರ ಚತುರ್ಮುಖ ಬಸದಿಯೂ ಎದುರುಬದುರಿನ ದಿಣ್ಣೆಗಳಲ್ಲಿವೆ. ಘಟ್ಟದ ಮೇಲೆ ಕೊಟ್ಟಿಗೆಹಾರದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವಿದೆ.

ಎಲ್ಲಕ್ಕಿಂತ ಕಷ್ಟವಾದದ್ದು ದಿನಗಳ ಲೆಕ್ಕ. ಕೊಲ್ಲಿ ದೇಶಗಳ ಶಾಲೆಗಳಿಗೆ ಬೇಸಿಗೆ ರಜೆ ಬರುವುದು ಜುಲೈ–ಆಗಸ್ಟ್‌ನಲ್ಲಿ. ಹಾಗಾಗಿ ದುಬೈ, ಅಬುಧಾಬಿ, ಮಸ್ಕತ್, ದೋಹಾಗಳಲ್ಲಿ ನೆಲೆಸಿದ ಕರಾವಳಿಯ ಕುಟುಂಬಗಳು ಮಕ್ಕಳೊಂದಿಗೆ ಬಜಪೆಯಲ್ಲಿ ಇಳಿಯುವುದು ಆಟಿಯ ನಡುವೆಯೇ. ಮರುಭೂಮಿಯಲ್ಲಿ ಬೆಳೆದ ಮಕ್ಕಳಿಗೆ ತಮ್ಮ ನೆಲದ ಮಳೆಯನ್ನು ತೋರಿಸಬೇಕೆಂಬ ತಂದೆತಾಯಿಯರ ಆಸೆಗಿಂತ ಸಹಜವಾದದ್ದು ಯಾವುದಿದೆ? ಆದರೆ ಅವರ ಕೈಯಲ್ಲಿರುವುದು ಎಣಿಸಿದ ದಿನಗಳು, ಮರಳುವ ವಿಮಾನದ ಟಿಕೇಟು ಮೊದಲೇ ತೆಗೆದಾಗಿರುತ್ತದೆ, ವಾಹನದ ಬಾಡಿಗೆ ದಿನಕ್ಕಿಷ್ಟೆಂದು ಓಡುತ್ತಿರುತ್ತದೆ. ಉಜಿರೆಯಲ್ಲಿ ಘಟ್ಟ ಬಂದ್ ಎಂಬ ಫಲಕ ಕಂಡಾಗ ಅವರನ್ನು ಮುಂದಕ್ಕೆ ದೂಡುವುದು, ಇನ್ನೊಂದು ಸುತ್ತುದಾರಿ ಹುಡುಕಿ ರಾತ್ರೋರಾತ್ರಿ ಬೇರೆ ಘಟ್ಟ ಹತ್ತಿಸುವುದು ಈ ಲೆಕ್ಕವೇ ಹೊರತು ಉಡಾಫೆಯಲ್ಲ. ಹಾಗಾಗಿ ಪರಿಹಾರವನ್ನು ಲೆಕ್ಕದಲ್ಲೇ ಹುಡುಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬಾಡಿಗೆಯ ಕರಾರಿನಲ್ಲಿ, ಜಿಲ್ಲಾಡಳಿತ ಘಟ್ಟ ಮುಚ್ಚಿದ ದಿನಗಳಿಗೆ ಅಥವಾ ಹವಾಮಾನ ಇಲಾಖೆ ರೆಡ್ ಅಲರ್ಟ್ ಸಾರಿದ ದಿನಗಳಿಗೆ ವಾಹನ ನಿಲ್ದಾಣದಲ್ಲಿ ನಿಂತಿದ್ದರೆ ಬಾಡಿಗೆಯ ಒಂದು ಪಾಲು ಮಾತ್ರ ತೆರಬೇಕೆಂಬ ನಿಬಂಧನೆಯನ್ನು ಪರವಾನಗಿಯ ಷರತ್ತಾಗಿಯೇ ಸರ್ಕಾರ ಸೇರಿಸಬಹುದು. ಅಲರ್ಟ್ ಇರುವ ದಿನ ಘಟ್ಟ ಹತ್ತಿದ ವಾಹನಕ್ಕೆ ವಿಮೆಯ ಹೊಣೆ ಯಾರದೆಂಬುದನ್ನು ಕರಾರಿನಲ್ಲೇ ಸ್ಪಷ್ಟಪಡಿಸಬಹುದು. ವಿಮಾನ ಹತ್ತುವ ಹಿಂದಿನ ಎರಡು ರಾತ್ರಿಗಳನ್ನು ಘಟ್ಟದ ಕೆಳಗೇ, ಕಾರ್ಕಳ, ಮೂಡಬಿದಿರೆ, ಕಟೀಲುಗಳ ಆಸುಪಾಸಿನಲ್ಲೇ ಕಳೆಯುವಂತೆ ಪ್ರವಾಸದ ಯೋಜನೆಯನ್ನು ಮೊದಲೇ ಹಾಕಿಕೊಡುವುದು ಬಾಡಿಗೆಗೆ ಕೊಡುವವರಿಗೆ ಕಷ್ಟದ ಕೆಲಸವೇನಲ್ಲ. ಮೇಲಿನ ದಾರಿ ಕುಸಿದರೂ ಆ ಕುಟುಂಬದ ವಿಮಾನ ತಪ್ಪುವುದಿಲ್ಲ, ವಿಮಾನ ತಪ್ಪೀತೆಂಬ ಆತಂಕದಲ್ಲಿ ಯಾರೂ ರಾತ್ರಿ ಹೊತ್ತು ಚಾರ್ಮಾಡಿ ಇಳಿಯಬೇಕಾಗುವುದೂ ಇಲ್ಲ.